ಅಸಿಂಕ್ ಕ್ರಿಯೆಗಳ ಕಾಲಮಿತಿ

ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಒಪ್ಪಿಸಿ, ಉತ್ತರ ಬರುವವರೆಗೆ ಕೈಕಟ್ಟಿ ಕೂರದೆ ಬೇರೆ ಕೆಲಸ ನೋಡಿಕೊಳ್ಳುವ ಏರ್ಪಾಡು ಅಸಿಂಕ್ರೊನಸ್ ಕ್ರಿಯೆ. ಪ್ರೋಗ್ರಾಮರುಗಳ ಬಾಯಲ್ಲಿ ಅದು ಬರೀ ಅಸಿಂಕ್. ಹಾಗೆ ಒಪ್ಪಿಸಿದ ಕೆಲಸದ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಅಷ್ಟು ಹೊತ್ತು ಮೀರಿದ ಮೇಲೆ ಕಾಯುವುದನ್ನು ಬಿಡುವ ಕ್ರಮಕ್ಕೆ ಕಾಲಮಿತಿ ಅಥವಾ ಟೈಮ್‌ಔಟ್ ಎನ್ನುತ್ತಾರೆ. ಬೆಂಗಳೂರಿನ ವೈಟ್‌ಫೀಲ್ಡಿನ ಆಫೀಸಿನಲ್ಲಿ ಡೇಟಾಬೇಸಿನಿಂದ ಮಾಹಿತಿ ತರಿಸುವ ಕೋಡಿಗೂ, ಎಲೆಕ್ಟ್ರಾನಿಕ್ ಸಿಟಿಯಿಂದ ಬ್ಯಾಂಕಿನ ಸರ್ವರಿಗೆ ಹೋಗುವ ಕೋರಿಕೆಗೂ, ಪೀಣ್ಯದ ಶೆಡ್ಡಿನಲ್ಲಿ ಮೋಟರಿಗೆ ಆಜ್ಞೆ ಕೊಡುವ ಕಂಟ್ರೋಲರಿಗೂ ಇದು ಬೇಕು. ಕಾಲಮಿತಿ ಇಲ್ಲದ ಪ್ರತಿಯೊಂದು ಕೋರಿಕೆಯೂ ಒಂದಿಷ್ಟು ಮೆಮೊರಿ, ಒಂದು ನೆಟ್‌ವರ್ಕ್ ಸಂಪರ್ಕ, ಡೇಟಾಬೇಸ್ ಪೂಲಿನಲ್ಲಿ ಒಂದು ಜಾಗ ಹಿಡಿದುಕೊಂಡು ಕೂರುತ್ತದೆ. ಅಂಥವು ನೂರಾರು ಸೇರಿದಾಗ ಸರ್ವರ್ ಚಾಲೂ ಇರುತ್ತದೆ, ಆದರೆ ಯಾರಿಗೂ ಉತ್ತರ ಕೊಡುವುದಿಲ್ಲ.

ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಅವಧಿ ಮುಗಿದಾಗ ನಿಲ್ಲುವುದು ಕಾಯುವಿಕೆ ಮಾತ್ರ. ಆಚೆ ಬದಿಯಲ್ಲಿ ಕೆಲಸ ಆಗಿರಬಹುದು, ಆಗದೇ ಇರಬಹುದು, ಇನ್ನೂ ಆಗುತ್ತಲೇ ಇರಬಹುದು. ಈ ಮೂರರಲ್ಲಿ ಯಾವುದು ನಿಜ ಎಂದು ಕಾದವರಿಗೆ ಗೊತ್ತಾಗುವುದಿಲ್ಲ. ಟೈಮ್‌ಔಟ್ ಎಂಬುದನ್ನು ‘ವಿಫಲ’ ಎಂದು ಓದಿಕೊಂಡ ಕೋಡು ಒಂದಲ್ಲ ಒಂದು ದಿನ ಯಾರದೋ ಹಣವನ್ನು ಎರಡು ಸಲ ಕಡಿತ ಮಾಡಿಕೊಳ್ಳುತ್ತದೆ.

ಹಣ ಕಟ್ ಆಗಿದೆ, ಬಂದಿಲ್ಲ

ಬೆಂಗಳೂರಿನಲ್ಲಿ ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಈ ಸಮಸ್ಯೆಯನ್ನು ನೋಡಿದ್ದಾರೆ. ವೈಟ್‌ಫೀಲ್ಡಿನ ಐಟಿಪಿಎಲ್ ಸುತ್ತಿನ ಯಾವುದೋ ದರ್ಶಿನಿಯಲ್ಲಿ ಗಿರಾಕಿಯೊಬ್ಬರು ಕಾಫಿಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತಾರೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ, ಆಮೇಲೆ ‘ಪೆಂಡಿಂಗ್’ ಎಂದು ಬರುತ್ತದೆ. ಬ್ಯಾಂಕಿನ ಎಸ್‌ಎಂಎಸ್ ಮಾತ್ರ ಹಣ ಹೋಯಿತು ಎನ್ನುತ್ತದೆ. ಕೌಂಟರಿನವರು ‘ದುಡ್ಡು ಬಂದಿಲ್ಲ ಸಾರ್’ ಎನ್ನುತ್ತಾರೆ, ಗಿರಾಕಿ ‘ಕಟ್ ಆಗಿದೆ, ನೋಡಿ’ ಎಂದು ಫೋನ್ ತೋರಿಸುತ್ತಾರೆ. ಇಬ್ಬರ ಮಾತೂ ನಿಜ.

2016ರಲ್ಲಿ ಶುರುವಾದ ಯುಪಿಐ ವ್ಯವಸ್ಥೆಯ ಒಳಗೆ ಆಗ ನಡೆದಿರುವುದು ಹೀಗೆ. ಆ್ಯಪ್ ತನ್ನ ಪಾಲುದಾರ ಬ್ಯಾಂಕಿನ ಮೂಲಕ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಸ್ವಿಚ್ಚಿಗೆ ಕೋರಿಕೆ ಕಳಿಸುತ್ತದೆ. ಅಂಗಡಿಯವರ ಯುಪಿಐ ಐಡಿ ಯಾವ ಖಾತೆಯದೆಂದು ಸ್ವಿಚ್ ಅವರ ಬದಿಯನ್ನು ವಿಚಾರಿಸುತ್ತದೆ. ಗಿರಾಕಿಯ ಬ್ಯಾಂಕಿಗೆ ಡೆಬಿಟ್ ಮಾಡಲು ಹೇಳುತ್ತದೆ. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ಕ್ರೆಡಿಟ್ ಮಾಡಲು ಹೇಳುತ್ತದೆ. ಕೊನೆಗೆ ಎರಡೂ ಕಡೆಗೆ ಫಲಿತಾಂಶ ತಿಳಿಸುತ್ತದೆ. ಒಂದು ಕಾಫಿಯ ಹಿಂದೆ ಇಷ್ಟು ಅಸಿಂಕ್ ಕೋರಿಕೆಗಳಿವೆ, ಒಂದೊಂದಕ್ಕೂ ಅದರದೇ ಕಾಲಮಿತಿ ಇದೆ.

ಡೆಬಿಟ್ ಹಂತದಲ್ಲಿ ಉತ್ತರ ಬರುವ ಮೊದಲೇ ಅವಧಿ ಮುಗಿದರೆ ಸ್ವಿಚ್ ಸುಮ್ಮನಿರುವಂತಿಲ್ಲ. ಬ್ಯಾಂಕ್ ಹಣ ಕಡಿತ ಮಾಡಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಆದ್ದರಿಂದ ‘ಡೆಬಿಟ್ ಮಾಡಿದ್ದರೆ ಹಿಂದಿರುಗಿಸು’ ಎಂಬ ರಿವರ್ಸಲ್ ಕೋರಿಕೆ ಹೋಗುತ್ತದೆ. ಕ್ರೆಡಿಟ್ ಹಂತದಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಅಂಗಡಿಯವರ ಖಾತೆಗೆ ಹಣ ಬಿದ್ದಿರುವ ಸಾಧ್ಯತೆ ಇರುವಾಗ ಗಿರಾಕಿಗೆ ಹಿಂದಿರುಗಿಸಿದರೆ ಬ್ಯಾಂಕ್ ತನ್ನ ಗಂಟು ಕಳೆದುಕೊಳ್ಳುತ್ತದೆ. ಅದಕ್ಕೇ ಅಂಥ ವಹಿವಾಟನ್ನು ‘ಡೀಮ್ಡ್’ ಸ್ಥಿತಿಯಲ್ಲಿಟ್ಟು, ಪಡೆಯುವ ಬ್ಯಾಂಕ್ ತನ್ನ ಲೆಕ್ಕ ತಾಳೆ ನೋಡಿ ಹಣ ಜಮಾ ಆಗಿದೆ ಎಂದು ದೃಢಪಡಿಸುವವರೆಗೆ ಅಥವಾ ವಾಪಸ್ ಕಳಿಸುವವರೆಗೆ ಕಾಯುತ್ತಾರೆ. ಸೆಕೆಂಡುಗಳ ಕಾಲಮಿತಿ ಮುಗಿದಲ್ಲಿ ದಿನಗಳ ಕಾಲಮಿತಿ ಶುರುವಾಗುತ್ತದೆ. ಅದನ್ನು ಬರೆದದ್ದು ಯಾವ ಪ್ರೋಗ್ರಾಮರೂ ಅಲ್ಲ, ರಿಸರ್ವ್ ಬ್ಯಾಂಕು. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಕಡಿತವಾಗಿ ತಲುಪದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ಅಂಗಡಿ ಪಾವತಿಗೆ ಐದು ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕರು ಕೇಳದಿದ್ದರೂ ಕೊಡಬೇಕು. ಈ ಸುತ್ತೋಲೆಯನ್ನು ಕಾಲಮಿತಿಯ ವಿನ್ಯಾಸದ ಪಾಠವಾಗಿ ಓದಬಹುದು. ಎಷ್ಟು ಹೊತ್ತು, ಮೀರಿದರೆ ಏನು, ಅದರ ಹೊರೆ ಯಾರ ಮೇಲೆ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿದೆ. ಬಹಳಷ್ಟು ಕೋಡಿನಲ್ಲಿ ಮೊದಲನೆಯದಕ್ಕೆ ಮಾತ್ರ ಇರುತ್ತದೆ.

ಕಾಲಮಿತಿಯ ಇನ್ನೊಂದು ಮುಖ 2025ರಲ್ಲಿ ಕಾಣಿಸಿತು. ಆ ವರ್ಷದ ಏಪ್ರಿಲ್ 12ರಂದು ಯುಪಿಐ ದೇಶದಾದ್ಯಂತ ತಾಸುಗಟ್ಟಲೆ ತಡವರಿಸಿತು. ‘ಆ ವಹಿವಾಟು ಏನಾಯಿತು’ ಎಂದು ಕೇಳುವ ಸ್ಥಿತಿ ಪರಿಶೀಲನೆಯ ಕೋರಿಕೆಗಳನ್ನು ಕೆಲವು ಬ್ಯಾಂಕುಗಳು ಹಳೆಯ ವಹಿವಾಟುಗಳಿಗೂ ಸೇರಿಸಿ ಪದೇಪದೇ ಕಳಿಸಿದ್ದೇ ಕಾರಣವೆಂದು ಎನ್‌ಪಿಸಿಐ ಪರಿಶೀಲನೆಯಲ್ಲಿ ಕಂಡುಬಂತು. ಉತ್ತರ ತಡವಾಯಿತೆಂದು ಮತ್ತೆ ಕೇಳುವುದು, ಕೇಳಿದ್ದರಿಂದಲೇ ಉತ್ತರ ಇನ್ನಷ್ಟು ತಡವಾಗುವುದು. ಆ ನಂತರ ಬಂದ ನಿಯಮದಂತೆ ಮೊದಲ ಪರಿಶೀಲನೆಗೆ ಮುನ್ನ 90 ಸೆಕೆಂಡು ಕಾಯಬೇಕು, ಎರಡು ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಕೇಳಬಾರದು. ಜೂನ್ 16ರಿಂದ ಪಾವತಿ ಕೋರಿಕೆಯ ಉತ್ತರದ ಅವಧಿಯನ್ನು 30 ಸೆಕೆಂಡಿನಿಂದ 15ಕ್ಕೂ, ಸ್ಥಿತಿ ಪರಿಶೀಲನೆ ಮತ್ತು ರಿವರ್ಸಲ್‌ಗಳದನ್ನು 30ರಿಂದ 10ಕ್ಕೂ ಇಳಿಸಲಾಯಿತು. ಪೇಮೆಂಟ್ ಆ್ಯಪ್‌ಗಳ ಕೋಡ್ ಬರೆಯುವವರಲ್ಲಿ ದೊಡ್ಡ ಪಾಲು ಬೆಂಗಳೂರಿನವರು. ಇಂಥ ಒಂದು ಅಂಕಿ ಬದಲಾದರೆ ಅದರ ಮೇಲೆ ಕಟ್ಟಿದ ಎಷ್ಟೋ ಕಾಲಮಿತಿಗಳನ್ನು ಇಲ್ಲಿ ಮತ್ತೆ ಕೂಡಿಸಿ ಕಳೆದು ನೋಡಬೇಕಾಗುತ್ತದೆ.

ಹಿನ್ನೆಲೆ

ಕಾಲಮಿತಿಯ ಲೆಕ್ಕ ಶಾಸ್ತ್ರೀಯವಾಗಿ ಬೆಳೆದದ್ದು ಇಂಟರ್ನೆಟ್ಟಿನ ಟಿಸಿಪಿ ನಿಯಮಾವಳಿಯಲ್ಲಿ. ಕಳಿಸಿದ ಪ್ಯಾಕೆಟ್ಟಿಗೆ ತಲುಪಿದ ಸೂಚನೆ ಬರದಿದ್ದರೆ ಎಷ್ಟು ಹೊತ್ತಿಗೆ ಮತ್ತೆ ಕಳಿಸಬೇಕು ಎಂಬುದು ಅದರ ಮೂಲ ಪ್ರಶ್ನೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಡುವೆ, ಬರೀ 400 ಗಜದ ಅಂತರದಲ್ಲಿ, ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ತಡವಾದದ್ದನ್ನು ಕಳೆದುಹೋಯಿತೆಂದು ತಿಳಿದು ಯಂತ್ರಗಳು ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ತುಂಬಿಸಿದ್ದವು. ವ್ಯಾನ್ ಜೇಕಬ್ಸನ್ 1988ರ ಪ್ರಬಂಧದಲ್ಲಿ ಇದಕ್ಕೆ ಪರಿಹಾರ ಕೊಟ್ಟರು. ಉತ್ತರ ಬರುವ ಸರಾಸರಿ ಹೊತ್ತನ್ನಷ್ಟೇ ನೋಡಿದರೆ ಸಾಲದು, ಅದರ ಏರಿಳಿತವನ್ನೂ ಅಳೆಯಬೇಕು. ಇಂದಿನ ನಿಯಮದಲ್ಲಿ ಸರಾಸರಿಗೆ ಏರಿಳಿತದ ನಾಲ್ಕು ಪಟ್ಟು ಕೂಡಿಸುತ್ತಾರೆ. ಪ್ರತಿ ಸಲ ಅವಧಿ ಮೀರಿದಾಗಲೂ ಮುಂದಿನ ಅವಧಿಯನ್ನು ಇಮ್ಮಡಿ ಮಾಡುತ್ತಾರೆ.

ಅಳೆದು ನಿರ್ಧರಿಸುವ ಈ ಕ್ರಮ ಯಾಕೆ ಬೇಕು ಎಂಬುದಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆಯೇ ಸಾಕ್ಷಿ. ಆರ್. ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ರೂಪಿಸಿದ ಈ ಬಡಾವಣೆಗೆ 1991ರ ನಂತರ ಕೇಂದ್ರ ಸರ್ಕಾರದ ಎಸ್‌ಟಿಪಿಐ ಉಪಗ್ರಹ ಸಂಪರ್ಕ ಒದಗಿಸಿತು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಸಂಕೇತ ಮೇಲೇರಿ ಇಳಿದು, ಉತ್ತರವೂ ಹಾಗೆಯೇ ಬರಲು ಬೆಳಕಿನ ವೇಗದಲ್ಲೇ ಅರ್ಧ ಸೆಕೆಂಡು ಹತ್ತಿರ ಬೇಕು. ಒಂದೇ ಕಟ್ಟಡದ ಎರಡು ಕಂಪ್ಯೂಟರುಗಳ ನಡುವೆ ಮಿಲಿಸೆಕೆಂಡಿಗೂ ಕಡಿಮೆ ಸಾಕು. ಕೋಡಿನಲ್ಲಿ ಬರೆದಿಟ್ಟ ಒಂದೇ ಅಂಕಿ ಎರಡು ಕಡೆಗೂ ಸರಿಹೋಗುವುದಿಲ್ಲ.

ಸಿದ್ಧಾಂತದ ಕಡೆಯಿಂದ ಖಚಿತವಾದ ಮಾತು ಬಂದದ್ದು 1985ರಲ್ಲಿ. ಸಂದೇಶಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಮಿತಿಯೇ ಇಲ್ಲದ ವ್ಯವಸ್ಥೆಯಲ್ಲಿ, ಒಂದೇ ಒಂದು ಯಂತ್ರ ನಿಂತುಹೋಗುವ ಸಾಧ್ಯತೆ ಇದ್ದರೂ ಉಳಿದವು ಖಂಡಿತವಾಗಿ ಒಮ್ಮತಕ್ಕೆ ಬರುವ ಕ್ರಮವಿಧಿ ಇರಲಾರದೆಂದು ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ ಸಾಧಿಸಿ ತೋರಿಸಿದರು. ನಿಧಾನವಾಗಿರುವ ಯಂತ್ರಕ್ಕೂ ಸತ್ತ ಯಂತ್ರಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು ಎಂಬುದು ಅದರ ತಿರುಳು. ಕಾಲಮಿತಿ ಈ ಕತ್ತಲಲ್ಲಿ ಮಾಡುವ ಒಂದು ಅಂದಾಜು.

ಭಾಷೆಗಳಲ್ಲಿ ಕಾಲಮಿತಿ

ಜಾವಾಸ್ಕ್ರಿಪ್ಟಿನಲ್ಲಿ ಹೆಚ್ಚಿನವರು ಮೊದಲು ಕಲಿಯುವ ವಿಧಾನ ಪಂದ್ಯದ್ದು. ಕೆಲಸದ ಪ್ರಾಮಿಸ್ (ಮುಂದೆ ಬರಲಿರುವ ಉತ್ತರದ ಪ್ರತಿನಿಧಿ) ಒಂದು, ಇಷ್ಟು ಮಿಲಿಸೆಕೆಂಡಿನ ನಂತರ ದೋಷ ಎಸೆಯುವ ಟೈಮರಿನ ಪ್ರಾಮಿಸ್ ಇನ್ನೊಂದು. ಎರಡನ್ನೂ ಪ್ರಾಮಿಸ್ ರೇಸ್‌ಗೆ ಕೊಟ್ಟರೆ ಯಾವುದು ಮೊದಲು ಮುಗಿಯುತ್ತದೋ ಅದೇ ಫಲಿತಾಂಶ. ನಾಲ್ಕು ಸಾಲಿನ ಕೋಡು, ಓದಲು ಚೆನ್ನ. ಆದರೆ ಸೋತ ಕೆಲಸವನ್ನು ಯಾರೂ ನಿಲ್ಲಿಸಿರುವುದಿಲ್ಲ. ದೋಸೆಗೆ ಹೇಳಿ, ತಡವಾಯಿತೆಂದು ಗಿರಾಕಿ ಎದ್ದುಹೋದರೂ ಹಂಚಿನ ಮೇಲೆ ದೋಸೆ ಬೇಯುತ್ತಲೇ ಇರುವ ಹಾಗೆ, ಡೌನ್‌ಲೋಡ್ ನಡೆಯುತ್ತಲೇ ಇರುತ್ತದೆ, ಡೇಟಾಬೇಸ್ ಸಾಲುಗಳನ್ನು ಹುಡುಕುತ್ತಲೇ ಇರುತ್ತದೆ. ಇನ್ನೊಂದು ಸಣ್ಣ ತಪ್ಪೂ ಇಲ್ಲಿ ಸಾಮಾನ್ಯ. ಕೆಲಸ ಬೇಗ ಮುಗಿದಾಗ ಟೈಮರನ್ನು ರದ್ದುಮಾಡದಿದ್ದರೆ, ಮಾಡಬೇಕಾದ್ದೆಲ್ಲ ಮುಗಿದ ಮೇಲೂ ನೋಡ್.ಜೆಎಸ್‌ನಲ್ಲಿ ಓಡುವ ಪ್ರೋಗ್ರಾಂ ಆ ಟೈಮರಿಗಾಗಿ ಕಾದು ಕೂರುತ್ತದೆ.

ಹೀಗಾಗಿ ಕಾಲಮಿತಿ ಇದ್ದಲ್ಲೆಲ್ಲ ಅದರ ಜೊತೆಗೆ ರದ್ದತಿಯೂ ಇರಬೇಕು. ಬಲವಂತವಾಗಿ ಕೊಲ್ಲುವ ದಾರಿಯನ್ನು ಜಾವಾ ಮೊದಲೇ ನೋಡಿಬಿಟ್ಟಿತ್ತು. ಥ್ರೆಡ್ ಸ್ಟಾಪ್ ಎಂಬ ಸೌಲಭ್ಯ ನಡುದಾರಿಯಲ್ಲಿ ಕೆಲಸ ಕಡಿದು ಹಾಕಿದಾಗ ಬೀಗಗಳು ಬಿಚ್ಚಿಕೊಂಡು, ಅರ್ಧ ಬದಲಾದ ದತ್ತಾಂಶ ಹಾಗೆಯೇ ಉಳಿಯುತ್ತಿತ್ತು. 1998ರಲ್ಲೇ ಅದನ್ನು ಬಳಸಬೇಡಿರೆಂದರು. ಅಲ್ಲಿಂದ ಮುಂದೆ ಬಹುತೇಕ ಎಲ್ಲ ಭಾಷೆಗಳೂ ಹಿಡಿದದ್ದು ಸಹಕಾರದ ದಾರಿ: ‘ನಿಲ್ಲು’ ಎಂಬ ಸೂಚನೆ ಕಳಿಸುವುದು, ಕೆಲಸ ಮಾಡುವ ಕೋಡು ತನಗೆ ಸುರಕ್ಷಿತವಾದ ಜಾಗದಲ್ಲಿ ಅದನ್ನು ಗಮನಿಸಿ, ಕೈಲಿರುವುದನ್ನು ಅಚ್ಚುಕಟ್ಟು ಮಾಡಿ ನಿಲ್ಲುವುದು. ಡಾಟ್‌ನೆಟ್‌ಗೆ 2010ರಲ್ಲಿ ಕ್ಯಾನ್ಸಲೇಶನ್ ಟೋಕನ್ ಬಂತು. ಗೋ ಭಾಷೆಯ ಕಾಂಟೆಕ್ಸ್ಟ್ ಪ್ಯಾಕೇಜು 2016ರಲ್ಲಿ ಅದರ ಮೂಲ ಲೈಬ್ರರಿ ಸೇರಿತು. ಬ್ರೌಸರುಗಳಲ್ಲಿ ಅಬಾರ್ಟ್ ಕಂಟ್ರೋಲರ್ 2017ರ ಹೊತ್ತಿಗೆ ಕಾಣಿಸಿಕೊಂಡಿತು. ಪೈಥಾನ್ 3.11ರಲ್ಲಿ, ಅಂದರೆ 2022ರಲ್ಲಿ, ಒಂದಿಡೀ ಕೋಡ್ ಭಾಗಕ್ಕೆ ಕಾಲಮಿತಿ ಹೊದಿಸುವ ಸೌಕರ್ಯ ಸೇರಿತು. ಇವುಗಳಲ್ಲಿ ಗೋ ಭಾಷೆಯ ಶಿಸ್ತು ಅನುಕರಣೀಯ. ಅದು ಬೇಕಾದ ಪ್ರತಿ ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟಾಗಿ ಕಾಂಟೆಕ್ಸ್ಟ್ ಸಾಗಿ ಬರುವುದರಿಂದ ಗಡುವು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಕೋಡ್ ಓದುವವರ ಕಣ್ಣಿಗೆ ಬೀಳುತ್ತದೆ.

ಪೈಥಾನಿನಲ್ಲಿ ರದ್ದತಿ ಬರುವುದು ದೋಷದ ರೂಪದಲ್ಲಿ. ಯಾವ ದೋಷ ಬಂದರೂ ಹಿಡಿದು ಲಾಗಿಗೆ ಬರೆದು ಮುಂದೆ ಹೋಗುವ ಅಭ್ಯಾಸವಿದ್ದವರ ಕೋಡು ಈ ರದ್ದತಿಯನ್ನೂ ನುಂಗಿಬಿಡುತ್ತಿತ್ತು. ನಿಲ್ಲೆಂದರೂ ನಿಲ್ಲದ ಕೆಲಸ ಅದು. 2019ರ 3.8ನೇ ಆವೃತ್ತಿಯಲ್ಲಿ ಆ ದೋಷವನ್ನು ಸಾಮಾನ್ಯ ದೋಷಗಳ ಕುಟುಂಬದಿಂದ ಹೊರಗಿಟ್ಟ ಮೇಲೆ ತೊಂದರೆ ಬಹಳ ಮಟ್ಟಿಗೆ ತಗ್ಗಿತು.

ಎಷ್ಟು ಸೆಕೆಂಡು

ಇಲ್ಲಿ ಮೊದಲ ಶತ್ರು ಡಿಫಾಲ್ಟ್ ಬೆಲೆ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಗೆ ಏನೂ ಹೇಳದಿದ್ದರೆ ಅದಕ್ಕೆ ಕಾಲಮಿತಿಯೇ ಇಲ್ಲ. ಗೋ ಭಾಷೆಯ ಎಚ್‌ಟಿಟಿಪಿ ಕ್ಲೈಂಟೂ ಅಷ್ಟೆ. ಡಾಟ್‌ನೆಟ್‌ನದು 100 ಸೆಕೆಂಡು ಕಾಯುತ್ತದೆ, ನಡುವೆ ನಿಂತ ಎಂಜಿನ್‌ಎಕ್ಸ್ ಪ್ರಾಕ್ಸಿ 60 ಸೆಕೆಂಡಿಗೆ ಕೈಬಿಟ್ಟು 504 ಎನ್ನುತ್ತದೆ, ಅದರ ಹಿಂದಿನ ಮೈಎಸ್‌ಕ್ಯೂಎಲ್ ಸಾಲಿನ ಬೀಗಕ್ಕೆ 50 ಸೆಕೆಂಡು ಕಾಯುತ್ತದೆ, ಪೋಸ್ಟ್‌ಗ್ರೆಸ್ ಆದರೆ ಕ್ವೆರಿಗೆ ಮಿತಿಯನ್ನೇ ಹಾಕುವುದಿಲ್ಲ. ಮುಂದೆ ಕೂತ ಬಳಕೆದಾರರು ಹತ್ತು ಸೆಕೆಂಡಿಗೇ ಬೇಸತ್ತು ಆ್ಯಪ್ ಮುಚ್ಚಿರುತ್ತಾರೆ. ಈ ಅಂಕಿಗಳಲ್ಲಿ ಯಾವುದನ್ನೂ ಯಾರೂ ಆ ವ್ಯವಸ್ಥೆಗಾಗಿ ಯೋಚಿಸಿ ಇಟ್ಟದ್ದಲ್ಲ.

ಯೋಚಿಸಿ ಇಡುವವರು ಸರಾಸರಿಯನ್ನು ಬಿಟ್ಟು ಬಾಲವನ್ನು ನೋಡುತ್ತಾರೆ. ನೂರರಲ್ಲಿ 99 ಕೋರಿಕೆಗಳು ಎಷ್ಟರೊಳಗೆ ಮುಗಿಯುತ್ತವೆ ಎಂಬ ಅಳತೆಗೆ ಬೆಂಗಳೂರಿನ ಮೀಟಿಂಗುಗಳಲ್ಲಿ ಪಿ99 ಎನ್ನುತ್ತಾರೆ. ಗೂಗಲಿನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಬರೆದ ಪ್ರಬಂಧದ ಲೆಕ್ಕ ಕಣ್ಣು ತೆರೆಸುವಂಥದ್ದು. ಒಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡು ಮೀರುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಪುಟ ತೋರಿಸಲು ಅಂಥ 100 ಸರ್ವರುಗಳ ಉತ್ತರ ಬೇಕಾದರೆ, ನೂರರಲ್ಲಿ 63 ಪುಟಗಳು ಸೆಕೆಂಡು ಮೀರುತ್ತವೆ.

ಇನ್ನೊಂದು ಎಚ್ಚರ, ಹೊರಗಿನ ಕಾಲಮಿತಿಗಿಂತ ಒಳಗಿನದು ಚಿಕ್ಕದಿರಬೇಕು. ಆ್ಯಪ್ 10 ಸೆಕೆಂಡು ಕಾಯುವಾಗ ಅದರ ಹಿಂದಿನ ಸರ್ವಿಸ್ 30 ಸೆಕೆಂಡು ಕಾದರೆ ಕೊನೆಯ 20 ಸೆಕೆಂಡಿನ ದುಡಿಮೆ ಯಾರಿಗೂ ಬೇಡದ್ದು. ಪ್ರತಿ ಹಂತಕ್ಕೂ ಬೇರೆ ಅಂಕಿ ಇಡುವ ಬದಲು ಇಡೀ ಕೋರಿಕೆಗೆ ಒಂದು ಗಡುವು ಗೊತ್ತುಮಾಡಿ, ಉಳಿದಿರುವ ಹೊತ್ತನ್ನು ಹಂತದಿಂದ ಹಂತಕ್ಕೆ ದಾಟಿಸುವುದು ಮೇಲು. ಸರ್ವಿಸ್‌ಗಳ ನಡುವಿನ ಕರೆಗಳಿಗೆ ಬಳಸುವ ಜಿಆರ್‌ಪಿಸಿ ಮಾಡುವುದು ಇದನ್ನೇ. ಎರಡು ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುತ್ತದೆಂದು ನಂಬುವಂತಿಲ್ಲವಾದ್ದರಿಂದ ಅದು ‘ಇಂಥ ಗಂಟೆಯೊಳಗೆ’ ಎಂದು ಕಳಿಸದೆ ‘ಇನ್ನು ಇಷ್ಟು ಮಿಲಿಸೆಕೆಂಡು ಉಳಿದಿದೆ’ ಎಂದು ಕಳಿಸುತ್ತದೆ.

ಅವಧಿ ಮೀರಿದ ಮೇಲೆ ಮರುಪ್ರಯತ್ನ ಮಾಡುವುದು ಸಹಜ. ಅಪಾಯವೂ ಅಲ್ಲೇ ಇದೆ. ಆ್ಯಪ್, ಗೇಟ್‌ವೇ, ಆರ್ಡರ್ ಸರ್ವಿಸ್, ಪೇಮೆಂಟ್ ಸರ್ವಿಸ್ ನಾಲ್ಕೂ ತಲಾ ಮೂರು ಸಲ ಪ್ರಯತ್ನಿಸಿದರೆ ತಳದ ಡೇಟಾಬೇಸಿಗೆ ಒಂದರ ಬದಲು 81 ಕೋರಿಕೆ ಬೀಳುತ್ತವೆ, ಅದೂ ಅದು ಈಗಾಗಲೇ ಏದುಸಿರು ಬಿಡುತ್ತಿರುವಾಗ. ಒಂದೇ ಹಂತದಲ್ಲಿ ಮರುಪ್ರಯತ್ನಿಸುವುದು, ನಡುವಿನ ಬಿಡುವನ್ನು ಹೆಚ್ಚಿಸುತ್ತ ಹೋಗುವುದು, ಎಲ್ಲರೂ ಒಟ್ಟಿಗೆ ಬಂದು ಬೀಳದಂತೆ ಅದರಲ್ಲಿ ಒಂದಿಷ್ಟು ಯಾದೃಚ್ಛಿಕತೆ ಬೆರೆಸುವುದು ವಾಡಿಕೆಯ ಮದ್ದುಗಳು. ಹಣ, ಟಿಕೆಟ್, ಆರ್ಡರ್ ಇಂಥವಕ್ಕೆ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಕೆಲಸವನ್ನು ಮತ್ತೆ ಮಾಡದೆ ಹಿಂದಿನ ಉತ್ತರವನ್ನೇ ಕೊಡುವ ಏರ್ಪಾಡು ಕಡ್ಡಾಯವೆಂದೇ ತಿಳಿಯಬೇಕು. ಪದೇಪದೇ ಅವಧಿ ಮೀರುತ್ತಿರುವ ಸರ್ವಿಸ್ಸಿಗೆ ಸ್ವಲ್ಪ ಹೊತ್ತು ಕೋರಿಕೆಯನ್ನೇ ಕಳಿಸದಿರುವ ಸರ್ಕ್ಯೂಟ್ ಬ್ರೇಕರ್ ವಿಧಾನ ಮೈಕೆಲ್ ನೈಗಾರ್ಡ್ ಅವರ 2007ರ ‘ರಿಲೀಸ್ ಇಟ್’ ಪುಸ್ತಕದಿಂದ ಪ್ರಚಾರಕ್ಕೆ ಬಂತು.

ಪೀಣ್ಯದಲ್ಲಿ

ಪೀಣ್ಯದ ಕಾರ್ಖಾನೆಗಳಲ್ಲಿ ಕಾಲಮಿತಿ ಮಿಲಿಸೆಕೆಂಡುಗಳ ವ್ಯವಹಾರ. ಯಂತ್ರ ನಡೆಸುವ ಪಿಎಲ್‌ಸಿ ತನ್ನ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಸುತ್ತು ಸುತ್ತಾಗಿ ಓಡಿಸುತ್ತದೆ. ಸೀಮೆನ್ಸ್ ಎಸ್‌7 ಸರಣಿಯಲ್ಲಿ ಒಂದು ಸುತ್ತಿಗೆ ಡಿಫಾಲ್ಟ್ ಮಿತಿ 150 ಮಿಲಿಸೆಕೆಂಡು. ಇದನ್ನು ಕಾಯುವ ಟೈಮರಿಗೆ ವಾಚ್‌ಡಾಗ್ ಎಂದು ಹೆಸರು. ವಿದ್ಯುತ್ ಮೀಟರಿನಿಂದ ಹಿಡಿದು ಕಾರ್ಖಾನೆಯ ಡ್ರೈವ್‌ವರೆಗೆ ಬಳಕೆಯಲ್ಲಿರುವ ಮಾಡ್‌ಬಸ್ ಭಾಷೆ 1979ರದು. ಅದರ ಆರ್‌ಟಿಯು ರೂಪದಲ್ಲಿ ಸಂದೇಶ ಮುಗಿಯಿತೆಂದು ತಿಳಿಯುವುದೇ ಮೌನದಿಂದ. ಮೂರೂವರೆ ಅಕ್ಷರ ಕಳಿಸುವಷ್ಟು ಹೊತ್ತು ತಂತಿಯಲ್ಲಿ ಏನೂ ಬರದಿದ್ದರೆ ಅಲ್ಲಿಗೆ ಸಂದೇಶ ಪೂರ್ತಿ. ಅದು 9600 ಬಾಡ್ ವೇಗದಲ್ಲಿ ಸುಮಾರು 4 ಮಿಲಿಸೆಕೆಂಡು.

ಪ್ರೆಸ್ ಯಂತ್ರದ ಎರಡು ಗುಂಡಿಗಳ ಮುಂದೆ ನಿಂತರೆ ಕಾಲಮಿತಿ ಯಾಕೆ ಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಡೈ ಕೆಳಗಿಳಿಯುವಾಗ ಕೆಲಸಗಾರರ ಎರಡೂ ಕೈಗಳು ಹೊರಗಿರಬೇಕೆಂದು ಎರಡು ಗುಂಡಿಗಳನ್ನು ದೂರದೂರ ಇಡುತ್ತಾರೆ. ಒಂದನ್ನು ಟೇಪು ಸುತ್ತಿಯೋ ಕಡ್ಡಿ ಸಿಕ್ಕಿಸಿಯೋ ಒತ್ತಿಟ್ಟು ಒಂದೇ ಕೈಯಲ್ಲಿ ದುಡಿಯುವುದನ್ನು ತಡೆಯಲು, ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನ ಅಂತರದೊಳಗೆ ಒತ್ತಲೇಬೇಕೆಂದು ಐಎಸ್ಒ 13851 ಮಾನದಂಡ ವಿಧಿಸುತ್ತದೆ. ಮೀರಿದರೆ ಯಂತ್ರ ಅಲುಗದು. ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಇಲ್ಲಿ ಅವಧಿ ಮೀರುವುದೆಂದರೆ ಸುರಕ್ಷಿತ ಸ್ಥಿತಿಗೆ ಬರುವುದು. ಸಾಫ್ಟ್‌ವೇರಿನವರು ಕಾರ್ಖಾನೆಯಿಂದ ಕಲಿಯಬಹುದಾದ್ದರಲ್ಲಿ ಇದು ಮುಖ್ಯವಾದದ್ದು.

ಅದೇ ಪೀಣ್ಯದಲ್ಲಿ, ಬಾಹ್ಯಾಕಾಶ ನೌಕೆಗಳ ಜಾಡು ಹಿಡಿದು ಅವುಗಳಿಗೆ ಆಜ್ಞೆ ಕಳಿಸುವ ಇಸ್ರೋದ ಇಸ್ಟ್ರಾಕ್ ಕೇಂದ್ರವಿದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಬೇಕಾಗಿದ್ದಾಗ ಸಂಕೇತ ಒಂದು ಕಡೆಗೆ ಸಾಗಲು ಹನ್ನೆರಡೂವರೆ ನಿಮಿಷ ಬೇಕಿತ್ತು. ಆಜ್ಞೆ ಕೊಟ್ಟು ಉತ್ತರ ನೋಡಲು 25 ನಿಮಿಷ. ಮುಖ್ಯ ಎಂಜಿನ್ ಉರಿಯಬೇಕಾದ್ದು ಸುಮಾರು 24 ನಿಮಿಷ. ನೆಲದ ಮೇಲಿನವರು ಕಾದು, ತೀರ್ಮಾನಿಸಿ, ತಿದ್ದುವ ಮಾತೇ ಇರಲಿಲ್ಲ. ಹಾಗಾಗಿ ಆಜ್ಞೆಗಳನ್ನು ದಿನಗಳ ಮೊದಲೇ ನೌಕೆಗೆ ಏರಿಸಿ, ಗಡಿಯಾರವನ್ನೂ ತೀರ್ಮಾನವನ್ನೂ ಅದರೊಳಗೇ ಇಟ್ಟಿದ್ದರು. ಮುಖ್ಯ ಎಂಜಿನ್ ಕೈಕೊಟ್ಟರೆ ಎಂಟು ಚಿಕ್ಕ ಥ್ರಸ್ಟರುಗಳನ್ನು ಉರಿಸುವ ಬದಲಿ ಯೋಜನೆಯೂ ಸಿದ್ಧವಿತ್ತು. ಉತ್ತರ ಬರುವ ಹೊತ್ತು ಕೆಲಸದ ಹೊತ್ತಿಗಿಂತ ಹೆಚ್ಚಾದಾಗ ಕಾಲಮಿತಿಯನ್ನು ಕೆಲಸ ನಡೆಯುವ ಕಡೆಯೇ ಇಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅದೇ ನೌಕೆಯ ಸಂಪರ್ಕ 2022ರ ಏಪ್ರಿಲಿನ ದೀರ್ಘ ಗ್ರಹಣದ ನಂತರ ಕಡಿದುಹೋಯಿತು. ಇಸ್ರೋ ಅದನ್ನು ಮತ್ತೆ ಪಡೆಯಲಾಗದೆಂದು ಘೋಷಿಸಿದ್ದು ಅಕ್ಟೋಬರಿನಲ್ಲಿ. ಉತ್ತರ ಬರದೆ ತಿಂಗಳುಗಳು ಕಳೆದವು ಎಂಬುದೊಂದನ್ನೇ ನೆಚ್ಚಿಕೊಳ್ಳದೆ, ಇಂಧನ ತೀರಿರಬೇಕೆಂಬ ಲೆಕ್ಕವನ್ನೂ ಜೊತೆಗಿಟ್ಟು ಆ ತೀರ್ಮಾನಕ್ಕೆ ಬಂದಿತು.

ಗಡಿಯಾರ ಮತ್ತು ಪರೀಕ್ಷೆ

ಅವಧಿಯನ್ನು ಗೋಡೆ ಗಡಿಯಾರದಿಂದ ಅಳೆಯಬಾರದು. 2012ರ ಜುಲೈ 1ರಂದು, ಭಾರತೀಯ ಕಾಲಮಾನ ಬೆಳಿಗ್ಗೆ ಐದೂವರೆಗೆ, ಜಗತ್ತಿನ ಗಡಿಯಾರಗಳಿಗೆ ಒಂದು ಅಧಿಕ ಸೆಕೆಂಡು ಸೇರಿಸಿದಾಗ ಲಿನಕ್ಸ್ ಕರ್ನೆಲಿನ ಒಂದು ದೋಷದಿಂದ ಟೈಮರುಗಳು ಹೊತ್ತಿಗೆ ಮುಂಚೆಯೇ ಮುಗಿಯತೊಡಗಿದವು. ಕಾಯಬೇಕಾದ ಪ್ರೋಗ್ರಾಮುಗಳು ಕಾಯದೆ ಸುತ್ತಿ ಸುತ್ತಿ ಪ್ರೊಸೆಸರನ್ನು ತಿಂದವು, ಹಲವು ದೊಡ್ಡ ಸೇವೆಗಳು ನಿಂತವು. ಹಿಂದೆ ಮುಂದೆ ಸರಿಯದೆ ಒಂದೇ ದಿಕ್ಕಿಗೆ ಓಡುವ ಮೊನೊಟೋನಿಕ್ ಗಡಿಯಾರ ಈಗ ಬಹುತೇಕ ಎಲ್ಲ ಭಾಷೆಗಳಲ್ಲೂ ಇದೆ, ಕಾಲಮಿತಿಗೆ ಅದನ್ನೇ ಬಳಸಬೇಕು.

ಪರೀಕ್ಷೆಯಲ್ಲಿ 30 ಸೆಕೆಂಡಿನ ಮಿತಿಯನ್ನು ಪರಿಶೀಲಿಸಲು ನಿಜವಾಗಿ 30 ಸೆಕೆಂಡು ಕಾಯಬೇಕಾಗಿಲ್ಲ. ಕೋಡಿಗೆ ಕೃತಕ ಗಡಿಯಾರ ಕೊಟ್ಟು ಬೇಕಾದಷ್ಟು ಮುಂದಕ್ಕೆ ತಿರುಗಿಸಬಹುದು. ಆದರೆ ಅವಧಿ ಮೀರಿತು ಎಂಬ ದೋಷ ಬಂತೇ ಎಂದಷ್ಟೇ ನೋಡಿ ಪರೀಕ್ಷೆ ಮುಗಿಸುವವರು ಹೆಚ್ಚು. ಬಿಟ್ಟ ಸಂಪರ್ಕ ಪೂಲಿಗೆ ವಾಪಸಾಯಿತೇ, ಆಚೆ ಬದಿಯ ಕ್ವೆರಿ ನಿಂತಿತೇ, ಅವಧಿ ಮೀರಿ ಒಂದು ಸೆಕೆಂಡಾದ ಮೇಲೆ ‘ಯಶಸ್ವಿ’ ಎಂಬ ಉತ್ತರ ತಲುಪಿದರೆ ಕೋಡು ಅದನ್ನು ಏನು ಮಾಡುತ್ತದೆ ಎಂಬ ಪರೀಕ್ಷೆಗಳನ್ನೂ ಬರೆಯಬೇಕು. ಕೊನೆಯದನ್ನು ಬರೆಯಲು ಕೂತಾಗಲೇ ಹೆಚ್ಚಿನ ತಂಡಗಳಿಗೆ ತಮ್ಮ ವಹಿವಾಟುಗಳಿಗೆ ‘ಯಶಸ್ವಿ’, ‘ವಿಫಲ’ ಎಂಬ ಎರಡೇ ಸ್ಥಿತಿಗಳಿದ್ದು, ‘ಇನ್ನೂ ಗೊತ್ತಿಲ್ಲ’ ಎಂಬುದಕ್ಕೆ ಟೇಬಲ್ಲಿನಲ್ಲಿ ಜಾಗವೇ ಇಲ್ಲದಿರುವುದು ಕಾಣುತ್ತದೆ.